ಸತ್ತ ಕುದುರೆಯ ಬಾಲಕ್ಕೂ ದುಡ್ಡು

1

ಬಂಕಾಪುರದ ಕೋಟೆಯೊಳಗೆ ಈಗ ನವಿಲು ಮೇಯುತ್ತವೆ. ಒಂದು ಆದಿತ್ಯವಾರ ಕುಂದಗೋಳದಿಂದ ನಾವು ನಾಲ್ಕೈದು ಗೆಳೆಯರು ಆ ಕೋಟೆ ನೋಡಲು ಹೋಗಿದ್ದೆವು. ನಮ್ಮಲ್ಲಿ ಇಬ್ಬರು ಸಾಲಿ ಮಾಸ್ತರರು, ಒಬ್ಬ ಅಣ್ಣಿಗೇರಿಯವನು, ಒಬ್ಬ ಕಲಘಟಗಿಯ ಕಾಡಂಚಿನವನು. ಎಲ್ಲರೂ ನಮ್ಮ ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವರು. ನಮ್ಮ ಹಿಂದಿನವರೆಲ್ಲ ಹೆಬ್ಬೆಟ್ಟು ಒತ್ತಿದವರು.

ಕೋಟೆಯ ಹೊರಗೆ ಹುಣಸೆ ಗಿಡದ ನೆರಳಿನಲ್ಲಿ ಕೂತು ರೊಟ್ಟಿ ಬಿಚ್ಚಿದಾಗ ಮಾಸ್ತರ ಗೆಳೆಯ ಹೇಳಿದ: ಹೊನ್ನಾವರದ ಬಂದರಿನಿಂದ ವಿಜಯನಗರಕ್ಕೆ ಹೋಗುವ ನೇರ ದಾರಿಯ ಮೇಲಿನ ಕೋಟೆ ಇದು. ಭಟ್ಕಳದಲ್ಲಿ, ಹೊನ್ನಾವರದಲ್ಲಿ ಹಡಗಿನಿಂದ ಇಳಿದ ಅರಬಿ ಕುದುರೆಗಳು ಘಟ್ಟ ಹತ್ತಿ ಈ ಕಡೆಯಿಂದಲೇ ಹಂಪೆಗೆ ಹೋದವು. ಅವನು ಅದನ್ನು ಅಭಿಮಾನದಿಂದಲೇ ಹೇಳಿದ. ನಾವೂ ಅಭಿಮಾನದಿಂದಲೇ ಕೇಳಿದೆವು. ವಿಜಯನಗರದ ಬೀದಿಯಲ್ಲಿ ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರಿದರೆಂದು ಸಾಲಿಯಲ್ಲಿ ಉರು ಹೊಡೆದು ಅಂಕ ಗಳಿಸಿದವರೇ ಅಲ್ಲವೇ ನಾವು?

ಸಂಜೆ ಮನೆಗೆ ಬಂದು ಆಯಿಯ ಮುಂದೆ ಇದನ್ನೆಲ್ಲ ಹೇಳಿದೆವು. ಆಕೆ ಹತ್ತಿ ಬಿಡಿಸಿ ಸೀಳಿದ ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದಳು. ಎಲ್ಲ ಕೇಳಿ ಒಂದೇ ಮಾತು ಕೇಳಿದಳು: "ಅರಸ ಕುದುರಿ ಕೊಂಡಾ ಅಂತೀರಿ. ರೊಕ್ಕಾ ಯಾರ ಕೊಟ್ರೋ ಯಪ್ಪಾ?"

ಬಿ.ಎ., ಎಂ.ಎ. ಓದಿದ ನಮ್ಮ ಬಾಯಿ ಕಟ್ಟಿತು. ಈ ಲೇಖನ ಆಯಿಯ ಆ ಪ್ರಶ್ನೆಗೆ ನಾವು ಹುಡುಕಿದ ಉತ್ತರ.

2

ಇವತ್ತು ಯುದ್ಧ ಸಾಮಗ್ರಿ ಎಂದರೆ ವಿಮಾನ, ರಾಡಾರು, ಕ್ಷಿಪಣಿ, ಡ್ರೋನು. ಐನೂರು ವರ್ಷಗಳ ಹಿಂದೆ ದಖ್ಖನದಲ್ಲಿ ಯುದ್ಧ ಸಾಮಗ್ರಿ ಎಂದರೆ ಮೊದಲು ಕುದುರೆ. ನಮ್ಮ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆ ಬೆಳೆಯುತ್ತಿರಲಿಲ್ಲ. ಅರಬಸ್ಥಾನದಿಂದ, ಪರ್ಷಿಯಾದ ಕೊಲ್ಲಿಯ ಓರ್ಮುಜ್ ದ್ವೀಪದಿಂದ ಹಡಗಿನಲ್ಲಿ ಬರಬೇಕಾಗಿತ್ತು. ಯಾರ ಲಾಯದಲ್ಲಿ ಹೆಚ್ಚು ಕುದುರೆಯೋ ಅವರದೇ ರಾಯಚೂರು, ಅವರದೇ ಮುದಗಲ್ಲು.

ಫೆರ್ನಾವೊ ನ್ಯೂನಿಜ್ ಎಂಬ ಪೋರ್ತುಗೀಸ ಕುದುರೆ ವ್ಯಾಪಾರಿ 1535ರ ಸುಮಾರಿಗೆ ವಿಜಯನಗರದಲ್ಲಿದ್ದ. ತಾನು ಕಂಡದ್ದನ್ನೂ ಕೇಳಿದ್ದನ್ನೂ ಬರೆದಿಟ್ಟ. ಅವನು ಹೇಳುವ ಒಂದು ಸಂಗತಿ ನಮ್ಮ ನಿದ್ದೆ ಕೆಡಿಸಿತು. 1485ರಲ್ಲಿ ಪಟ್ಟಕ್ಕೆ ಬಂದ ಸಾಳುವ ನರಸಿಂಹ ಕುದುರೆಗಳನ್ನು ವ್ಯಾಪಾರಿಗಳು ಕೇಳಿದ ಬೆಲೆಗೆ ಕೊಳ್ಳುತ್ತಿದ್ದನಂತೆ. ಮೂರಕ್ಕೆ ಸಾವಿರ ಪರ್ದಾವು, ಅಂದರೆ ಚಿನ್ನದ ನಾಣ್ಯ. ಬದುಕಿದ್ದಕ್ಕೂ ಅಷ್ಟೇ, ಸತ್ತದ್ದಕ್ಕೂ ಅಷ್ಟೇ. ದಾರಿಯಲ್ಲಿ ಸಮುದ್ರದ ಮೇಲೆ ಸತ್ತ ಕುದುರೆಯ ಬಾಲವನ್ನು ಕೊಯ್ದು ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಬೆಲೆ ಕೊಡುತ್ತಿದ್ದನಂತೆ.

ಬಾಲಕ್ಕೂ ದುಡ್ಡು! ಮಾರುವವನಿಗೆ ಕುದುರೆ ಸತ್ತರೂ ಲುಕ್ಸಾನು ಇಲ್ಲ. ಸಾವಿನ ಲುಕ್ಸಾನೆಲ್ಲ ಕೊಳ್ಳುವ ರಾಜ್ಯದ ತಲೆಯ ಮೇಲೆ.

ಈ ವ್ಯಾಪಾರದ ಇನ್ನೊಂದು ಗುಟ್ಟನ್ನು ಇದಕ್ಕೂ ಇನ್ನೂರು ವರ್ಷ ಮೊದಲೇ ಮಾರ್ಕೊ ಪೋಲೊ ಹೇಳಿದ್ದ. ತಮಿಳು ಸೀಮೆಯ ಪಾಂಡ್ಯರೂ ವರ್ಷ ವರ್ಷ ಸಾವಿರಾರು ಕುದುರೆ ಕೊಳ್ಳುತ್ತಿದ್ದರು. ಆರೈಕೆ ಬಲ್ಲವರಿಲ್ಲದೆ ಅವು ವರ್ಷ ಮುಗಿಯುವುದರೊಳಗೆ ಸಾಯುತ್ತಿದ್ದವು. ಕುದುರೆ ಮಾರುವ ಅರಬ ವ್ಯಾಪಾರಿಗಳು ಕುದುರೆ ವೈದ್ಯರನ್ನಾಗಲಿ, ಲಾಳ ಕಟ್ಟುವವರನ್ನಾಗಲಿ ಆ ನಾಡಿಗೆ ಹೋಗಗೊಡುತ್ತಿರಲಿಲ್ಲವಂತೆ. ಕುದುರೆ ಸತ್ತಷ್ಟೂ ಮುಂದಿನ ವರ್ಷದ ಗಿರಾಕಿ ಗಟ್ಟಿ. ಈ ಲಾಳದ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಇದು ಮುಂದೆ ವಿಮಾನದ ಎಂಜಿನ್ನಾಗಿ ಬರುತ್ತದೆ.

ಅಲ್ಲಿಯವರೆಗೆ ಇದು ವ್ಯಾಪಾರಿಗಳ ವ್ಯಾಪಾರ. ಇದನ್ನು ಸರಕಾರದ ವ್ಯಾಪಾರ ಮಾಡಿದವರು ಪೋರ್ತುಗೀಸರು. 1510ರಲ್ಲಿ ಆಲ್ಬುಕರ್ಕ್ ಗೋವೆಯನ್ನು ಹಿಡಿದ. ಅದೇ ವರ್ಷ ಒಬ್ಬ ಪಾದ್ರಿಯನ್ನು ರಾಯಭಾರಿ ಮಾಡಿ ಕೃಷ್ಣದೇವರಾಯನ ಬಳಿಗೆ ಕಳಿಸಿದ. ನಮ್ಮ ಜೊತೆ ಕೂಡಿದರೆ ಓರ್ಮುಜಿನ ಕುದುರೆ ನಿನಗೇ ಕೊಡುತ್ತೇವೆ, ನಿನ್ನ ವೈರಿಗಲ್ಲ ಎಂಬುದು ಆ ಮಾತಿನ ತಿರುಳು. ಸಮುದ್ರದ ಮೇಲೆ ಅವರ ತೋಪಿನ ಹಡಗು. ಗೋವೆಯಲ್ಲಿ ಇಳಿಯುವ ಪ್ರತಿ ಕುದುರೆಯ ಮೇಲೆ ಅವರ ಸುಂಕ. ಆ ಸುಂಕವೇ ಗೋವೆಯ ದೊಡ್ಡ ಆದಾಯಗಳಲ್ಲೊಂದಾಯಿತು.

1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಪರವಾಗಿ ಕ್ರಿಸ್ತೊವಾವ್ ದ ಫಿಗೆರೆದೊ ಎಂಬುವನು ತನ್ನ ಬಂದೂಕಿನವರೊಡನೆ ನಿಂತು ಕೋಟೆಯ ಗೋಡೆಯ ಮೇಲಿದ್ದವರನ್ನು ಹೊಡೆದು ಉರುಳಿಸಿದ. ಅದೇ ಯುದ್ಧದಲ್ಲಿ ಆದಿಲಶಾಹನ ಪಾಳೆಯದಲ್ಲೂ, ತಮ್ಮವರನ್ನು ಬಿಟ್ಟು ಹೋದ ಪೋರ್ತುಗೀಸರು ಇದ್ದರು. ಎರಡೂ ಕಡೆ ಅವರೇ. ಸತ್ತವರು ಮಾತ್ರ ಎರಡೂ ಕಡೆ ನಮ್ಮವರೇ.

1547ರ ಸೆಪ್ಟೆಂಬರ್ 19ರಂದು ಕರಾರು ಬರಹಕ್ಕೆ ಬಂತು. ಒಂದು ಕಡೆ ಗೋವೆಯ ಗವರ್ನರ್ ಜೊವಾವ್ ದ ಕಾಸ್ತ್ರೊ. ಇನ್ನೊಂದು ಕಡೆ ಹೆಸರಿಗೆ ಸದಾಶಿವರಾಯ, ನಿಜವಾಗಿ ಅಳಿಯ ರಾಮರಾಯ. ಗೋವೆಗೆ ಬಂದ ಕುದುರೆ ವಿಜಯನಗರಕ್ಕೇ ಹೋಗಬೇಕು, ಬಿಜಾಪುರಕ್ಕೆ ಹೋಗಕೂಡದು. ಬದಲಿಗೆ ಈ ನಾಡಿನ ಪೆಟ್ಲುಪ್ಪು, ಕಬ್ಬಿಣ ಬಿಜಾಪುರದ ಬಂದರುಗಳಿಗೆ ಹೋಗದೆ ಪೋರ್ತುಗೀಸರ ಕೈಗೇ ಸಿಗಬೇಕು. ಪೆಟ್ಲುಪ್ಪು ಎಂದರೆ ಮದ್ದಿನ ಪುಡಿಯ ಜೀವ. ಯುದ್ಧದ ಕಚ್ಚಾ ಮಾಲು ನಮ್ಮಿಂದ, ಯುದ್ಧದ ಸಿದ್ಧ ಮಾಲು ಅವರಿಂದ.

ಕರಾರಿನ ಮಸಿ ಆರಿತೋ ಇಲ್ಲವೋ, 1548ರಲ್ಲಿ ಅದೇ ಗೋವೆಯ ಸರಕಾರ ಬಿಜಾಪುರದ ಇಬ್ರಾಹಿಂ ಆದಿಲಶಾಹನ ಜೊತೆಗೂ ಒಪ್ಪಂದಕ್ಕೆ ಸಹಿ ಹಾಕಿತು.

3

ಈಗ ಆಯಿಯ ಪ್ರಶ್ನೆಗೆ ಬರೋಣ. ರೊಕ್ಕಾ ಯಾರ ಕೊಟ್ರು?

ಉತ್ತರ ನ್ಯೂನಿಜನ ಬರಹದಲ್ಲೇ ಇದೆ. ಪಾಠಪುಸ್ತಕದಲ್ಲಿ ಮಾತ್ರ ಇಲ್ಲ. ಅವನ ಪ್ರಕಾರ ವಿಜಯನಗರದ ಅರಸ ಓರ್ಮುಜಿನವು, ನಾಡ ತಳಿಯವು ಸೇರಿ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ. ಒಳ್ಳೆಯವನ್ನು ತನಗಿಟ್ಟುಕೊಂಡು ನಾಡ ಕುದುರೆಗಳನ್ನು ತನ್ನ ನಾಯಕರಿಗೆ ಐದಕ್ಕೆ ಸಾವಿರ ಪರ್ದಾವಿನಂತೆ ಹಂಚುತ್ತಿದ್ದ. ನಾಯಕರು ಆ ದುಡ್ಡನ್ನು ಸೆಪ್ಟೆಂಬರ್ ತಿಂಗಳೊಳಗೆ ಕಟ್ಟಬೇಕು. ಆ ದುಡ್ಡಿನಲ್ಲೇ ಪೋರ್ತುಗೀಸರ ಬಾಕಿ ತೀರುತ್ತಿತ್ತು. ಹೀಗೆ ಖಜಾನೆಯಿಂದ ಏನೂ ಹೊರಗೆ ಹೋಗದೆ ಪೂರಾ ಖರ್ಚು ನಾಯಕರ ಮೇಲೆ ಬೀಳುತ್ತಿತ್ತು ಎಂದು ಅವನು ಲೆಕ್ಕ ಬಿಡಿಸಿ ಹೇಳುತ್ತಾನೆ. ವ್ಯಾಪಾರಿ ಅಲ್ಲವೇ, ಲೆಕ್ಕ ತಪ್ಪುವುದಿಲ್ಲ.

ನಾಯಕರು ತಮ್ಮ ಮನೆಯಿಂದ ಕೊಟ್ಟರೇ? ಅದನ್ನೂ ಅವನೇ ಹೇಳುತ್ತಾನೆ. ನೆಲವೆಲ್ಲ ಅರಸನದು. ಅರಸನಿಂದ ನಾಯಕರಿಗೆ, ನಾಯಕರಿಂದ ಒಕ್ಕಲಿಗೆ. ಉಳುವವರು ಬೆಳೆದದ್ದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಒಡೆಯನಿಗೆ ಅಳೆಯಬೇಕಾಗಿತ್ತು. ಜನ ಬಹಳ ಕಷ್ಟದಲ್ಲಿದ್ದರು, ನೆಲ ಹಿಡಿದವರು ಬಹಳ ಕ್ರೂರಿಗಳಾಗಿದ್ದರು ಎಂದೂ ಬರೆದಿದ್ದಾನೆ. ಹತ್ತಕ್ಕೆ ಒಂಬತ್ತು ಎಂಬುದು ಎಲ್ಲ ಊರಿಗೂ ಸರಿಯಾಗಿ ಹೊಂದುವ ಲೆಕ್ಕವೋ ಅಲ್ಲವೋ, ಹೊರೆ ಯಾವ ದಿಕ್ಕಿಗೆ ಇಳಿಯುತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಅರಸನಿಂದ ನಾಯಕ, ನಾಯಕನಿಂದ ಗೌಡ, ಗೌಡನಿಂದ ಒಕ್ಕಲು, ಒಕ್ಕಲಿನಿಂದ ಕೇರಿಯ ಆಳು. ಓರ್ಮುಜಿನಲ್ಲಿ ಹಡಗು ಹತ್ತಿದ ಕುದುರೆಯ ಬೆಲೆ ಕೊನೆಗೆ ಇಳಿದದ್ದು ಎರಿ ಹೊಲದಲ್ಲಿ ಬಾಗಿದ ಬೆನ್ನಿನ ಮೇಲೆ.

ಇನ್ನೂ ಒಂದು ಮಾತು. ಕುದುರೆಗೆ ಜೀನು ಬೇಕು, ಲಗಾಮು ಬೇಕು, ಚಮ್ಮಟಿಗೆ ಬೇಕು. ಸತ್ತ ದನದ ತೊಗಲು ಸುಲಿದು ಹದ ಮಾಡಿ ಅದನ್ನು ಹೊಲಿದ ಕೈ ಯಾರದು? ಲಾಯದ ಲದ್ದಿ ಬಾಚಿದವರು ಯಾರು? ಅವರ ಹೆಸರು ಯಾವ ಶಾಸನದಲ್ಲೂ ನಮಗೆ ಕಾಣಲಿಲ್ಲ. ಸತ್ತ ಕುದುರೆಯ ಬಾಲಕ್ಕೆ ಇದ್ದ ಬೆಲೆ ಬದುಕಿದ್ದ ಆ ಮನುಷ್ಯನಿಗೆ ಇತ್ತೇ?

1565ರಲ್ಲಿ ವಿಜಯನಗರ ಬಿತ್ತು. 1570ರ ದಶಕದಲ್ಲಿ ಧಾರವಾಡ, ಬಂಕಾಪುರ ಎರಡೂ ಬಿಜಾಪುರದ ಪಾಲಾದವು. ದೊಡ್ಡ ಗಿರಾಕಿ ಹೋದ ಮೇಲೆ ಗೋವೆಯ ಕುದುರೆ ವ್ಯಾಪಾರವೂ ಸೊರಗಿತು. ಅರಸರು ಬದಲಾದರು. ಎರಿ ಹೊಲದಲ್ಲಿ ಬಾಗಿದವರು ಬಾಗಿಯೇ ಇದ್ದರು.

4

ಪರದೇಶಕ್ಕೆ ಆಯುಧ ಮಾರುವ ಸರಕಾರಗಳು ತಮ್ಮ ಕೈಕೆಳಗಿನ ಜನರ ಕೈಯಲ್ಲಿ ಮಾತ್ರ ಆಯುಧ ಇರಗೊಡುವುದಿಲ್ಲ. ಇದನ್ನು ನಮ್ಮ ಸೀಮೆಗೆ ಕಲಿಸಿದವರು ಇಂಗ್ಲಿಷರು. 1857ರಲ್ಲಿ ಅವರು ಆಯುಧ ಒಪ್ಪಿಸುವ ಕಾಯಿದೆ ತಂದರು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಿಸಲಿಲ್ಲ. ಆ ನವೆಂಬರ್ ಕೊನೆಗೆ ಪಡೆ ಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೆ ಹಾಕಿದರು. ಮರುವರ್ಷ ನಮ್ಮ ನವಲಗುಂದದ ಮಗ್ಗುಲಿನ ನರಗುಂದದಲ್ಲಿ ಬಾಬಾಸಾಹೇಬ ಭಾವೆ ದಂಗೆ ಎದ್ದ. 1858ರ ಜೂನ್ 12ರಂದು ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. 1878ರ ಆಯುಧ ಕಾಯಿದೆ ಬಂದಾಗ ಭಾರತೀಯನಿಗೆ ಪರವಾನಿಗೆ ಬೇಕಾಯಿತು, ಬಿಳಿಯನಿಗೆ ಬೇಕಾಗಲಿಲ್ಲ.

ಅದೇ ಸರಕಾರ 1890ರ ದಶಕದ ಮೊದಲಲ್ಲಿ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿತು. ಬಾಬಾಸಾಹೇಬ ಅಂಬೇಡ್ಕರರ ತಂದೆ ರಾಮಜಿ ಸಕ್ಪಾಳರು ಅದೇ ಸೈನ್ಯದಲ್ಲಿ ಸುಭೇದಾರರಾಗಿದ್ದವರು. ಮತ್ತೆ ಮಹಾರ್ ರೆಜಿಮೆಂಟ್ ಎದ್ದದ್ದು 1941ರಲ್ಲಿ, ಇಲ್ಲೇ ಬೆಳಗಾವಿಯಲ್ಲಿ. ಅದೂ ಮಹಾಯುದ್ಧಕ್ಕೆ ಜನ ಬೇಕಾದಾಗ. ಬಂದೂಕು ಕೆಟ್ಟದ್ದೆಂದು ಪ್ರವಚನ ಹೇಳಲು ನಾವು ಕೂತಿಲ್ಲ. ನಮ್ಮ ಕೇರಿಯ ಹುಡುಗರು ಬೆಳಗಿನ ನಾಲ್ಕಕ್ಕೆ ಎದ್ದು ಅಣ್ಣಿಗೇರಿ ರಸ್ತೆಯಲ್ಲಿ ಮಿಲಿಟರಿ ಭರ್ತಿಗಾಗಿ ಓಡುತ್ತಾರೆ. ಆ ಸಮವಸ್ತ್ರದಲ್ಲಿ ಊರೊಳಗೆ ಬಂದರೆ ಚಹಾದಂಗಡಿಯವ ಬೇರೆ ಕಪ್ಪು ಹುಡುಕುವುದಿಲ್ಲ ಎಂಬ ಆಸೆ ಅವರದು. ನಾವು ಕೇಳುವುದು ಆಯುಧ ಹೊತ್ತವನನ್ನಲ್ಲ, ಆಯುಧ ಮಾರುವವನನ್ನು.

5

ಇವತ್ತಿನ ದೊಡ್ಡ ಅಂಗಡಿ ಅಮೆರಿಕದ್ದು. 2020ರಿಂದ 2024ರ ಐದು ವರ್ಷಗಳಲ್ಲಿ ಜಗತ್ತಿನ ಆಯುಧ ರಫ್ತಿನಲ್ಲಿ 43 ಶೇಕಡಾ ಅಮೆರಿಕದ್ದೆಂದು ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿದೆ. ಅಲ್ಲಿ ಸರಕಾರವೇ ಗಲ್ಲಾದ ಮೇಲೆ ಕೂತು ಮಾರುವ ಪದ್ಧತಿ ಇದೆ. ಅದಕ್ಕೆ ಫಾರಿನ್ ಮಿಲಿಟರಿ ಸೇಲ್ಸ್ ಎನ್ನುತ್ತಾರೆ. 1976ರ ಒಂದು ಕಾಯಿದೆಯ ಕೆಳಗೆ ಅದು ನಡೆಯುತ್ತದೆ. ಬೇಕಾದ ದೇಶ ಅರ್ಜಿ ಬರೆಯಬೇಕು. ಅಮೆರಿಕದ ರಕ್ಷಣಾ ಇಲಾಖೆ ಕಂಪನಿಯಿಂದ ಮಾಲು ತರಿಸಿ, ತನ್ನ ಶುಲ್ಕ ಸೇರಿಸಿ ಕೊಡುತ್ತದೆ. 2023ರ ಹಣಕಾಸು ವರ್ಷದಲ್ಲಿ ಈ ದಾರಿಯ ವ್ಯಾಪಾರ 8,090 ಕೋಟಿ ಡಾಲರ್. 2024ರಲ್ಲಿ 11,790 ಕೋಟಿ ಡಾಲರ್. ಉಕ್ರೇನಿನಲ್ಲಿ, ಗಾಜಾದಲ್ಲಿ ಮನೆ ಉರುಳಿದ ವರ್ಷಗಳಿವು.

1547ರ ಕರಾರು, 1548ರ ಕರಾರು ಇಲ್ಲಿಯೂ ಇವೆ. 2022ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಎಫ್-16 ವಿಮಾನಗಳ ಆರೈಕೆಗೆ 45 ಕೋಟಿ ಡಾಲರಿನ ಮಾರಾಟಕ್ಕೆ ಅಮೆರಿಕ ಒಪ್ಪಿತು. 2024ರ ಅಕ್ಟೋಬರಿನಲ್ಲಿ ಭಾರತ ಅದೇ ಗಲ್ಲಾದಿಂದ 31 ದೊಡ್ಡ ಡ್ರೋನುಗಳಿಗೆ ಸಹಿ ಹಾಕಿತು. ಗೋವೆಯ ಗವರ್ನರನ ಆತ್ಮ ಎಲ್ಲಿದ್ದರೂ ನಕ್ಕಿರಬೇಕು.

ಲಾಳ ಕಟ್ಟುವವನ ಕತೆಯೂ ಇದೆ. 1998ರಲ್ಲಿ ಪೋಖ್ರಾನದಲ್ಲಿ ಅಣುಬಾಂಬು ಸಿಡಿಸಿದ ಮೇಲೆ ಅಮೆರಿಕ ದಿಗ್ಬಂಧನ ಹಾಕಿತು. ಬೆಂಗಳೂರಿನಲ್ಲಿ ರೂಪುಗೊಳ್ಳುತ್ತಿದ್ದ ಹಗುರ ಯುದ್ಧವಿಮಾನದ ಕೆಲಸಕ್ಕೆ ಅಲ್ಲಿ ಹೋಗಿದ್ದ ನಮ್ಮ ವಿಜ್ಞಾನಿಗಳನ್ನು ಹೊರಗೆ ಕಳಿಸಿದರು. ಅದೇ ವಿಮಾನದ ಹೊಸ ಮಾದರಿಗಾಗಿ 2021ರಲ್ಲಿ ಕೇಳಿದ 99 ಅಮೆರಿಕನ್ ಎಂಜಿನ್ನುಗಳಲ್ಲಿ ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚಿನಲ್ಲಿ. ಕುದುರೆ ಸಿಕ್ಕೀತು, ಲಾಳ ಮಾತ್ರ ಅವನ ಕೈಯಲ್ಲೇ ಇರುತ್ತದೆ.

ಹೊಸ ಸಂಗತಿ ಏನೆಂದರೆ, ಕೊಳ್ಳುವವರಾಗಿದ್ದ ನಾವೇ ಈಗ ಮಾರುವವರೂ ಆಗಿದ್ದೇವೆ. 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಬೆಂಬಲದಿಂದ ವಾಲಚಂದ ಹಿರಾಚಂದರು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್.ಎ.ಎಲ್. ಸರಕಾರದ್ದಾಯಿತು. 1954ರಲ್ಲಿ ಬಿ.ಇ.ಎಲ್. ಬಂತು. 2013-14ರಲ್ಲಿ ದೇಶದ ರಕ್ಷಣಾ ರಫ್ತು 686 ಕೋಟಿ ರೂಪಾಯಿ. 2023-24ರಲ್ಲಿ 21,083 ಕೋಟಿ. 2024-25ರಲ್ಲಿ 23,622 ಕೋಟಿ, ಇದರಲ್ಲಿ ಸರಕಾರಿ ಕಂಪನಿಗಳದು 8,389 ಕೋಟಿ. ಹನ್ನೊಂದು ವರ್ಷದಲ್ಲಿ 34 ಪಟ್ಟು. 2029ರ ಹೊತ್ತಿಗೆ 50,000 ಕೋಟಿ ಎಂಬುದು ಸರಕಾರದ ಗುರಿ. ನಮ್ಮ ಹೊಲದ ಜೋಳದ ರೇಟು ಈ ವರ್ಷಗಳಲ್ಲಿ ಎಷ್ಟು ಪಟ್ಟಾಯಿತೆಂದು ಓದುಗರೇ ತಮ್ಮ ಮನೆಯವರನ್ನು ಕೇಳಿ ಪಕ್ಕದಲ್ಲಿ ಬರೆದುಕೊಳ್ಳಲಿ.

ಮಾರುವ ರೀತಿಯನ್ನೂ ನೋಡಬೇಕು. ವಿಯೆಟ್ನಾಮಿಗೆ ಭಾರತ 10 ಕೋಟಿ ಡಾಲರ್ ಸಾಲ ಕೊಟ್ಟಿತು. ಆ ಸಾಲದಲ್ಲಿ ಅವರು ಭಾರತದ ಕಂಪನಿಯಿಂದ 12 ಕಾವಲು ದೋಣಿ ತೆಗೆದುಕೊಂಡರು. 2022ರಲ್ಲಿ ದೋಣಿಗಳ ಒಪ್ಪಿಸುವಿಕೆ ಮುಗಿಯಿತು. ಇದು ನಮಗೆ ಹೊಸದೇ? ಬೀಜಾನೂ ಅವನ ಅಂಗಡ್ಯಾಗ, ಸಾಲಾನೂ ಅವನ ಅಂಗಡ್ಯಾಗ, ಸುಗ್ಗಿ ಆದಮ್ಯಾಲೆ ಮಾಲೂ ಅವನ ಅಂಗಡಿಗೇ. ನವಲಗುಂದದ ಯಾವ ರೈತನನ್ನು ಕೇಳಿದರೂ ಈ ಅರ್ಥಶಾಸ್ತ್ರ ಹೇಳಿಕೊಡುತ್ತಾನೆ.

ಸತ್ತ ಕುದುರೆಯೂ ಬಂತು. ದಕ್ಷಿಣ ಅಮೆರಿಕದ ಎಕ್ವಡಾರ್ ಎಂಬ ಸಣ್ಣ ದೇಶ 2008ರಲ್ಲಿ ಎಚ್.ಎ.ಎಲ್.ನಿಂದ ಸುಮಾರು 4.5 ಕೋಟಿ ಡಾಲರಿಗೆ ಏಳು ಧ್ರುವ ಹೆಲಿಕಾಪ್ಟರ್ ಕೊಳ್ಳಲು ಒಪ್ಪಿತು. 2009ರ ಅಕ್ಟೋಬರಿನಲ್ಲಿ ಅವರ ವಾಯುಸೇನೆಯ ಮೆರವಣಿಗೆಯಲ್ಲೇ ಒಂದು ಬಿತ್ತು. 2015ರ ಜನವರಿ ಹೊತ್ತಿಗೆ ಬಿದ್ದವು ನಾಲ್ಕಾದವು. ಬಿಡಿಭಾಗ ಸರಿಯಾಗಿ ಬರಲಿಲ್ಲ, ಯಂತ್ರದ ದೋಷವಿದೆ ಎಂದು ಅವರು. ಪೈಲಟ್ಟುಗಳ ತಪ್ಪೂ ಇದೆ ಎಂದು ಇವರು. ಆ ಅಕ್ಟೋಬರಿನಲ್ಲಿ ಎಕ್ವಡಾರ್ ಕರಾರು ಮುರಿಯಿತು. ಅಲ್ಲಿಯೂ ಹೊಲದಲ್ಲಿ ಬಾಗಿದವರಿದ್ದಾರೆ, ಅಲ್ಲಿಯೂ ಒಬ್ಬ ಮುದುಕಿ ರೊಕ್ಕಾ ಯಾರದು ಎಂದು ಕೇಳಿರಬೇಕು.

ಇನ್ನು ಮಾರಿದ ಮಾಲು ಯಾರ ಎದೆಗೆ ತಾಗುತ್ತದೆ? ಮ್ಯಾನ್ಮಾರಿನಲ್ಲಿ 2021ರ ಫೆಬ್ರುವರಿ 1ರಂದು ಸೈನ್ಯ ಅಧಿಕಾರ ಕಸಿದು ತನ್ನ ಜನರನ್ನೇ ಕೊಲ್ಲತೊಡಗಿತು. ಆ ಮೇಲೆ ಆ ಸೈನ್ಯಕ್ಕೆ ಹೋದ ಮಾಲಿನ ಲೆಕ್ಕವನ್ನು ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ 2023ರ ಮೇ ತಿಂಗಳಲ್ಲಿ ಹೊರಗಿಟ್ಟರು. ಅದರಲ್ಲಿ ಭಾರತದ ಕಂಪನಿಗಳಿಂದ, ಸರಕಾರಿ ಕಂಪನಿಗಳೂ ಸೇರಿ, 5.1 ಕೋಟಿ ಡಾಲರಿನ ಮಾಲು ಇತ್ತು. ಇಸ್ರೇಲಿಗೆ ಆಯುಧ ಕಳಿಸುವುದನ್ನು ನಿಲ್ಲಿಸಿ ಎಂದು ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. ವಿದೇಶಾಂಗ ನೀತಿ ಸರಕಾರದ ವಿಷಯ, ಕಂಪನಿಗಳು ಕರಾರಿಗೆ ಬದ್ಧವಾಗಿರಬಹುದು ಎಂದು 2024ರ ಸೆಪ್ಟೆಂಬರ್ 9ರಂದು ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಕರಾರಿಗೆ ಇರುವ ಕಾವಲು ಮಗುವಿಗೆ ಇಲ್ಲವಾಯಿತು.

6

ಆಯುಧದ ವ್ಯಾಪಾರಕ್ಕೆ ದುಡ್ಡಷ್ಟೇ ಸಾಲದು, ನೆಲವೂ ಬೇಕು. ಆ ನೆಲ ಎಲ್ಲಿಂದ ಬರುತ್ತದೆಂದು ತಿಳಿಯಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಹೋಗಬೇಕು. ಅಲ್ಲಿಯ ದೊಡ್ಡಉಳ್ಳಾರ್ತಿ, ಖುದಾಪುರದ ಕಾವಲುಗಳು ಅಮೃತಮಹಲ್ ದನಗಳ ಹುಲ್ಲುಗಾವಲು. ಹೈದರ, ಟಿಪ್ಪುವಿನ ತೋಪು ಎಳೆದ ಎತ್ತುಗಳ ತಳಿ ಅದು. ಅರಸರು ಹೋದ ಮೇಲೆ ಆ ಹುಲ್ಲಿನಲ್ಲಿ ಸುತ್ತಲ ಹಳ್ಳಿಯ ಕುರಿ, ದನ ಮೇಯ್ದವು. ಕಂಬಳಿ ನೇಯುವವರು ಬದುಕಿದರು. 2009ರಿಂದೀಚೆಗೆ ಸುಮಾರು 10,000 ಎಕರೆ ಬೇರೆ ಬೇರೆ ಸರಕಾರಿ ಸಂಸ್ಥೆಗಳ ಪಾಲಾಯಿತು. 4,290 ಎಕರೆ ರಕ್ಷಣಾ ಸಂಶೋಧನೆಯ ಡಿ.ಆರ್.ಡಿ.ಒ.ಗೆ. 2017ರಲ್ಲಿ ಅಲ್ಲಿ ಡ್ರೋನು ಹಾರಿಸಿ ನೋಡುವ ಮೈದಾನ ತೆರೆಯಿತು. ಕುರಿ ಕಾಯುವವನು ಗೋಡೆಯ ಈಚೆ ನಿಂತ. ತೋಪಿನ ಎತ್ತಿಗೆ ಇದ್ದ ಹುಲ್ಲು ಅವನ ಕುರಿಗೆ ಇಲ್ಲವಾಯಿತು.

ಕಾರ್ಖಾನೆಯಿಂದ ನಮ್ಮ ಹುಡುಗರಿಗೆ ಕೆಲಸ ಸಿಗುವುದಿಲ್ಲವೇ ಎಂದು ಗೆಳೆಯನೊಬ್ಬ ವಾದ ಹೂಡಿದ. ಐ.ಟಿ.ಐ. ಮುಗಿಸಿ ಬೆಂಗಳೂರಿಗೆ ಹೋದವನು ಅವನ ತಮ್ಮ. ಈ ವಾದವನ್ನು ನಾವು ನಗೆಯಾಡಿ ತಳ್ಳುವುದಿಲ್ಲ. ಹಸಿದವನಿಗೆ ಕೂಲಿ ಯಾವ ಕಾರ್ಖಾನೆಯದೆಂದು ಕೇಳುವ ಹಕ್ಕು ಹೊಟ್ಟೆ ತುಂಬಿದವರಿಗಿಲ್ಲ. ಆದರೆ ಆ ತಮ್ಮ ಗುತ್ತಿಗೆಯವನು. ಮಾಲು ಎಲ್ಲಿಗೆ ಹೋಗುತ್ತದೆಂದು ಅವನಿಗೆ ತಿಳಿಯದು. ಯಾವ ದೇಶಕ್ಕೆ ಏನು ಮಾರಿದಿರಿ ಎಂದು ಸಂಸತ್ತಿನಲ್ಲಿ ಕೇಳಿದವರಿಗೂ, ಹೆಸರು ಹೇಳಲಾಗದು ಎಂಬ ಉತ್ತರವೇ ಸಿಕ್ಕಿದೆ.

ಹೆಸರು ಮುಚ್ಚಿಡುವ ಇದೇ ಸರಕಾರಗಳು ಬಡವನ ಬಾಕಿಯನ್ನು ಮಾತ್ರ ಎಂದೂ ಮುಚ್ಚಿಡಲಿಲ್ಲ. ಮಲಪ್ರಭಾ ಕಾಲುವೆಯ ಸೀಮೆಯಲ್ಲಿ ನೀರು ಕಾಣದ ಹೊಲಗಳಿಗೂ ಅಭಿವೃದ್ಧಿ ಕರದ ನೋಟೀಸು ಬಂತು. ರೈತರು ಎದ್ದರು. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಪೊಲೀಸರ ಗುಂಡಿಗೆ ರೈತರು ಸತ್ತರು. ಹೊಲವೇ ಇಲ್ಲದ ನಮ್ಮ ಕೇರಿಗೆ ನೀರೂ ಬರಲಿಲ್ಲ, ನೋಟೀಸೂ ಬರಲಿಲ್ಲ. ಆದರೆ ಗುಂಡಿನ ಸದ್ದು ನಮ್ಮ ಹಿರಿಯರ ಕಿವಿಗೂ ಬಿತ್ತು.

ಈಗ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಅರಸನು ಬಾರದ ಕುದುರೆಗೆ ದುಡ್ಡು ಕೊಟ್ಟ. ರೈತನಿಂದ ಬಾರದ ನೀರಿಗೆ ದುಡ್ಡು ಕೇಳಿದರು. ಬಾಲ ತಂದ ಪರದೇಶಿ ವ್ಯಾಪಾರಿಯ ಮಾತನ್ನು ನಂಬಿದ ಅರಮನೆ, ಒಣಗಿದ ಹೊಲ ತೋರಿಸಿದ ರೈತನ ಮಾತನ್ನು ನಂಬಲಿಲ್ಲ. ನಡುವೆ ಐನೂರು ವರ್ಷಗಳಿವೆ, ಆದರೂ ಎರಡೂ ಒಂದೇ ಖಾತೆ ಪುಸ್ತಕದ ಎರಡು ಪುಟಗಳಂತೆ ನಮಗೆ ಕಾಣುತ್ತವೆ.

ಮಾಸ್ತರ ಗೆಳೆಯರಲ್ಲಿ ನಮ್ಮದೊಂದು ವಿನಂತಿ. ಮುಂದಿನ ಸಲ ವಿಜಯನಗರದ ಪಾಠ ಬಂದಾಗ ಮುತ್ತಿನ ಸೇರಿನ ಜೊತೆಗೆ ಕುದುರೆಯ ಬಾಲದ ಕತೆಯನ್ನೂ ಹೇಳಿ. ಸೆಪ್ಟೆಂಬರಿನ ಕಂತನ್ನು ನಾಯಕರು ಎಲ್ಲಿಂದ ತಂದರೆಂದು ಮಕ್ಕಳನ್ನೇ ಕೇಳಿ. ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದರೆ ಅವಳಿಗೆ ಮೊದಲು ಮಾತಾಡಲು ಬಿಡಿ. ಆಕೆಯ ಮನೆಯಲ್ಲಿ ಅದರ ಉತ್ತರ ಬಲ್ಲವರು ಇದ್ದಾರೆ.

ನಾವು ಓದಿ ಬರೆದದ್ದನ್ನು ಆಯಿಗೆ ಓದಿ ಹೇಳಿದೆವು. ಆಕೆ ಕೊನೆತನಕ ಕೇಳಿ, "ಹಂಗಾರ ನಾವ ಕೊಟ್ಟೀವಿ ಅನ್ನು" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದಳು: "ಕೊಟ್ಟದ್ದಕ್ಕ ಚೀಟಿ ಏನರ ಐತೇನೋ?"